ದೇವರ ವಕೀಲನ ಗೆಲುವು

ಬೀದಿಯವರೆಲ್ಲ ಅವನನ್ನು ವಕೀಲ ಎಂದೇ ಕರೆಯುತ್ತಿದ್ದರು. ಕೋರ್ಟಿನ ಮೆಟ್ಟಿಲನ್ನು ಅವನು ಹತ್ತಿದ್ದು ಒಂದೇ ಸಲ, ಅದೂ ಅಲ್ಲಿನ ಗುಮಾಸ್ತರೊಬ್ಬರ ಮುರಿದ ಕನ್ನಡಕವನ್ನು ರಿಪೇರಿ ಮಾಡಿ ವಾಪಸು ಕೊಡಲಿಕ್ಕೆ. ಕಸುಬಿನಿಂದ ಅವನು ಕನ್ನಡಕದವನು. ಗಾಜಿನ ಅಂಚು ತೀಡಿ, ಫ್ರೇಮಿಗೆ ಕೂರಿಸಿ, ಗಿರಾಕಿಯ ಮೂಗಿನ ಮೇಲಿಟ್ಟು, "ಈಗ ಓದಿ ನೋಡೋಣ" ಎನ್ನುವುದು ಅವನ ಕೆಲಸ. ಆದರೆ ಅವನ ಬಾಯಿ ಮಾತ್ರ ದೇವರ ಕಡೆಯಿಂದ ವಕಾಲತ್ತು ಹಾಕಿಬಿಟ್ಟಿತ್ತು. ಕುರಾನ್ ಮನುಷ್ಯ ಬರೆದದ್ದಲ್ಲ, ದೇವರೇ ಇಳಿಸಿದ್ದು ಎಂಬುದು ಅವನ ಕೇಸು. ದೇವರು ಅವನನ್ನು ನೇಮಿಸಿಕೊಂಡದ್ದಕ್ಕೆ ದಾಖಲೆ ಏನಾದರೂ ಇದೆಯೇ ಎಂದು ಯಾರಾದರೂ ಕೇಳಿದರೆ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಅಂಗಡಿ ಚಿಕ್ಕದು. ಒಂದು ಗೋಡೆಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಹಲಗೆ, ಪಕ್ಕದ ಗೋಡೆಯಲ್ಲಿ ಗಿರಾಕಿಗಳು ಮುಖ ನೋಡಿಕೊಳ್ಳುವ ಉದ್ದನೆಯ ಕನ್ನಡಿ, ಮೂಲೆಯಲ್ಲಿ ನೀರು ತೊಟ್ಟಿಕ್ಕುವ, ಗಾಜು ತೀಡುವ ಚಕ್ರ. ಹಿಂದೆ ಮಹಡಿಯ ಮನೆಗೆ ಹತ್ತುವ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಒಂದು ಹಸಿರು ಪರದೆ. ಗಾಜು ತೀಡಿ ಮುಗಿಯುವ ತನಕ ಗಿರಾಕಿ ಕಾಯಬೇಕು. ಅವನ ಹಳೆಯ ಕನ್ನಡಕ ವಕೀಲನ ಕೈಯಲ್ಲಿರುವಾಗ ಬಡಪಾಯಿ ಎಲ್ಲಿಗೆ ಹೋದಾನು? ಬಾಗಿಲು ಯಾವ ಕಡೆ ಇದೆ ಎಂದೇ ಕಾಣುತ್ತಿರಲಿಲ್ಲ. ಹಾಗಾಗಿ ಎಷ್ಟೋ ಮಂದಿ ವಾದವನ್ನು ಪೂರ್ತಿ ಕೇಳಿಯೇ ಹೋಗಿದ್ದಾರೆ.

ವಾದಗಳೇನು ಕಡಿಮೆಯವಲ್ಲ. ಪ್ರವಾದಿಗೆ ಓದುಬರಹ ಬರುತ್ತಿರಲಿಲ್ಲ, ಅಂಥವರ ಬಾಯಲ್ಲಿ ಇಂಥ ಮಾತು ಹೇಗೆ ಬಂತು? ಇದರಂಥ ಒಂದೇ ಒಂದು ಅಧ್ಯಾಯ ಮಾಡಿ ತನ್ನಿ ಎಂದು ಗ್ರಂಥವೇ ಸವಾಲು ಹಾಕಿದೆ. ಮಾತಿನ ಮಲ್ಲರೇ ತುಂಬಿದ್ದ ಆ ಕಾಲದಲ್ಲಿ ಯಾರೂ ಯಾಕೆ ತರಲಿಲ್ಲ? ಯುದ್ಧ, ಹಸಿವು, ಸಾವು, ವಲಸೆ ಇವುಗಳ ನಡುವೆ ವರ್ಷಗಟ್ಟಲೆ ಬಿಡಿಬಿಡಿಯಾಗಿ ಬಂದ ಮಾತು ಎಲ್ಲೂ ಒಂದಕ್ಕೊಂದು ಜಗಳವಾಡುವುದಿಲ್ಲವಲ್ಲ, ಅದಕ್ಕೇನು ಹೇಳುತ್ತೀರಿ? ಒಂದೊಂದು ಪ್ರಶ್ನೆ ಕೇಳಿದ ಮೇಲೂ ಅವನು ಚಕ್ರ ನಿಲ್ಲಿಸಿ ಗಿರಾಕಿಯ ಮುಖ ನೋಡುತ್ತಿದ್ದ.

ಇದಕ್ಕೆಲ್ಲ ಉತ್ತರ ಕೊಡುತ್ತಿದ್ದವರು ಒಬ್ಬರೇ, ಮೇಷ್ಟ್ರು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರಿಗೆ ಯಾವ ದೇವರ ಮೇಲೂ ಜಗಳವಿರಲಿಲ್ಲ, ಯಾವ ದೇವರ ಮೇಲೂ ನಂಬಿಕೆಯೂ ಇರಲಿಲ್ಲ. ಸಂಜೆಯಾದರೆ ಕನ್ನಡಿಯ ಎದುರಿನ ಕುರ್ಚಿ ಅವರದು, ಟೀ ವಕೀಲನದು. ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವ ಕ್ರಮವನ್ನು ಗ್ರಂಥ ಮೊದಲೇ ಹೇಳಿದೆ ಎಂದು ವಕೀಲ ಒಂದು ಕಾಲದಲ್ಲಿ ಜೋರಾಗಿ ವಾದಿಸುತ್ತಿದ್ದ. ಮೇಷ್ಟ್ರು ಟೀ ಊದುತ್ತಾ, "ವಿಜ್ಞಾನ ಇವತ್ತು ಹೇಳಿದ್ದನ್ನ ನಾಳೆ ತಾನೇ ತಿದ್ದಿಕೊಳ್ಳುತ್ತೆ ವಕೀಲ್ರೇ. ಆಗ ನೀವು ಕನ್ನಡಕದ ಹಾಗೆ ಗ್ರಂಥಕ್ಕೂ ಹೊಸ ನಂಬರ್ ಹಾಕಿ ಕೊಡ್ತೀರಾ?" ಎಂದರು. ಎದುರು ಅಂಗಡಿಯ ದರ್ಜಿ ಬಿದ್ದುಬಿದ್ದು ನಕ್ಕ. ಆ ವಾದವನ್ನು ವಕೀಲ ಅಲ್ಲಿಗೇ ಬಿಟ್ಟ. ಸೋತ ವಾದವನ್ನು ಮತ್ತೆ ಎತ್ತುವ ಜಾಯಮಾನ ಅವನದಲ್ಲ, ಅಷ್ಟರಮಟ್ಟಿಗೆ ಮರ್ಯಾದಸ್ಥ.

ಆದರೆ ಅವನ ಬಳಿ ತುರುಪಿನ ಎಲೆ ಒಂದಿತ್ತು. "ಲೋಕದಲ್ಲಿರೋ ಪುಸ್ತಕಾನೆಲ್ಲ ಗುಡ್ಡೆ ಹಾಕಿ ಸುಟ್ಟುಬಿಡಿ ಮೇಷ್ಟ್ರೇ. ಒಂದೇ ಒಂದು ಪುಸ್ತಕ ಮಾತ್ರ ಅಕ್ಷರ ತಪ್ಪದೆ ಮತ್ತೆ ಎದ್ದು ಬರುತ್ತೆ. ಯಾಕೆ ಹೇಳಿ? ಅದು ಕಾಗದದಲ್ಲಿಲ್ಲ, ಎದೆಯಲ್ಲಿದೆ." ಹೀಗಂದು ಪರದೆಯ ಕಡೆ ತಿರುಗಿ, "ಅಕ್ಕಾ, ಸ್ವಲ್ಪ ಕೆಳಗೆ ಬಾ" ಎಂದು ಕೂಗುತ್ತಿದ್ದ.

ಅಕ್ಕ ಬರುತ್ತಿದ್ದಳು. ಪರದೆಯ ಹಿಂದೆ ಕೊನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ವಕೀಲ ಕೈಕಾಲು ತೊಳೆದು ಬಂದು, ಮರದ ಮಡಿಚು ಪೀಠದ ಮೇಲೆ ಗ್ರಂಥವಿಟ್ಟು, ಕಣ್ಣುಮುಚ್ಚಿ ಎಲ್ಲಾದರೂ ತೆರೆದು, ಮೊದಲ ನಾಲ್ಕು ಪದ ಓದುತ್ತಿದ್ದ. ಐದನೆಯ ಪದದಿಂದ ಅಕ್ಕನ ದನಿ ಹಿಡಿಯುತ್ತಿತ್ತು. ಎತ್ತರದ ದನಿಯಲ್ಲ, ಯಾರಿಗೋ ಕಿವಿಯಲ್ಲಿ ಹೇಳುವಂಥದು. ಚಕ್ರದ ನೀರು ಕೂಡ ನಿಧಾನ ತೊಟ್ಟಿಕ್ಕುತ್ತಿದೆ ಎನಿಸುತ್ತಿತ್ತು. ಪುಟ ಮುಗಿದ ಮೇಲೆ ವಕೀಲ ಗ್ರಂಥ ಮುಚ್ಚಿ, "ಒಂದು ಚುಕ್ಕೆ ಆಚೀಚೆ ಇಲ್ಲ" ಎಂದು ತೀರ್ಪು ಕೊಡುತ್ತಿದ್ದ. ವಕೀಲನೂ ಅವನೇ, ನ್ಯಾಯಾಧೀಶನೂ ಅವನೇ.

ಮೇಷ್ಟ್ರು ಆಗಲೂ ಬಗ್ಗುತ್ತಿರಲಿಲ್ಲ. "ಅಕ್ಕನವರ ನೆನಪಿಗೆ ಕೈ ಮುಗೀತೀನಿ. ಆದ್ರೆ ಕಾವಲುಗಾರ ಒಳ್ಳೆಯವನು ಅಂದ ಮಾತ್ರಕ್ಕೆ ಮನೆ ಕಟ್ಟಿದವರು ಯಾರು ಅಂತ ಗೊತ್ತಾಗುತ್ತಾ?"

"ಇದನ್ನ ಕಾಪಾಡ್ತೀನಿ ಅಂತ ಗ್ರಂಥದ ಒಳಗೇ ಮಾತು ಕೊಟ್ಟಿದಾನಲ್ಲ, ಅವನೇ ಕಟ್ಟಿದವನು!"

"ಮಾತು ಉಳಿಸ್ತಿರೋದು ನಿಮ್ಮ ಅಕ್ಕ ಕಣ್ರೀ," ಎಂದು ಮೇಷ್ಟ್ರು ಎದ್ದು ಹೋಗುತ್ತಿದ್ದರು. ವರ್ಷಗಳಿಂದ ಇದೇ ನಡೆದಿತ್ತು. ಮೇಷ್ಟ್ರ ಬಾಯಿಂದ 'ಒಪ್ಪಿದೆ' ಎಂಬ ಒಂದು ಮಾತು ಕೇಳಿಯೇ ಕಣ್ಣು ಮುಚ್ಚಬೇಕೆಂಬುದು ವಕೀಲನ ಹಂಬಲವಾಗಿಬಿಟ್ಟಿತ್ತು.

ಅಸಲಿಗೆ ಗ್ರಂಥ ಬಾಯಿಪಾಠ ಮಾಡಬೇಕಾಗಿದ್ದವನು ಅವನೇ. ಹಾಫಿಜ್, ಅಂದರೆ ಇಡೀ ಕುರಾನನ್ನು ಎದೆಯಲ್ಲಿ ಇಟ್ಟುಕೊಂಡವನು, ಮನೆಗೊಬ್ಬ ಇರಬೇಕೆಂದು ಅಪ್ಪ ಆಸೆಪಟ್ಟು ಮಗನಿಗೆ ಕಲಿಸಲು ಒಬ್ಬ ಉಸ್ತಾದರನ್ನು ಗೊತ್ತುಮಾಡಿದ್ದ. ಹುಡುಗನಿಗೆ ಮಾತು ಬೇಕಾದಷ್ಟಿತ್ತು, ನೆನಪು ಅಷ್ಟಕ್ಕಷ್ಟೇ. ಪಾಠ ಶುರುವಾಗುವುದೇ ಕೊನೆಯ ಸಣ್ಣ ಅಧ್ಯಾಯಗಳಿಂದ, ಅವನ್ನು ಹೇಗೋ ದಾಟಿದ. ಅಲ್ಲಿಂದ ಹಿಂದಕ್ಕೆ ಬಂದ ಹಾಗೆಲ್ಲ ತಡವರಿಸತೊಡಗಿದ. ತಡವರಿಸಿದಾಗ ಉಸ್ತಾದರ ಬೆತ್ತ ಮೇಲೇಳುತ್ತಿತ್ತು. ಅದು ಬೀಳುವ ಮೊದಲೇ ಬಾಗಿಲ ಹಿಂದಿನಿಂದ ಮುಂದಿನ ಪದ ಪಿಸುಮಾತಿನಲ್ಲಿ ಬರುತ್ತಿತ್ತು. ಹುಡುಗ ಅದನ್ನು ಹಿಡಿದುಕೊಂಡು ಮುಂದೆ ಹೋಗುತ್ತಿದ್ದ. ಒಂದು ದಿನ ಉಸ್ತಾದರು ಬೆತ್ತ ಕೆಳಗಿಟ್ಟು, "ಬಾಗಿಲ ಹಿಂದೆ ಯಾರಿದಾರೆ?" ಎಂದರು.

ಅಲ್ಲಿದ್ದದ್ದು ಅಕ್ಕ. ಪಾತ್ರೆ ಬೆಳಗುತ್ತಾ, ಬಟ್ಟೆ ಮಡಿಸುತ್ತಾ, ತಮ್ಮನಿಗೆ ಹೇಳಿಕೊಟ್ಟದ್ದನ್ನೆಲ್ಲ ಅವಳು ಕಲಿತುಬಿಟ್ಟಿದ್ದಳು. ಉಸ್ತಾದರು ಅವಳನ್ನು ಕೂರಿಸಿಕೊಂಡು ಕೇಳಿದರು, ಕೇಳುತ್ತಲೇ ಹೋದರು. ಮರುದಿನದಿಂದ ಪಾಠ ಅವಳಿಗೆ. ಹುಡುಗ ಬೆತ್ತ ತಪ್ಪಿತೆಂದು ಕುಣಿದಾಡಿದ, ಆಮೇಲೆ ಆ ಜಾಗದಲ್ಲೇ ಒಂದು ಮುಳ್ಳು ಉಳಿದುಕೊಂಡಿತು. ಬಾಯಿಪಾಠ ಆಗದವನು ವಾದ ಕಲಿತ. ಯಾಕೆ ವಾದ ಕಲಿತೆ ಎಂದು ಯಾರೂ ಕೇಳಲಿಲ್ಲ, ಅವನೂ ತನ್ನನ್ನು ಕೇಳಿಕೊಳ್ಳಲಿಲ್ಲ.

ಅಕ್ಕ ಮದುವೆಯಾಗಿ ಹೋದಳು, ಭಾವ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದಳು. ಬೆಳಗಾದರೆ ಮಹಡಿಯಿಂದ ಅವಳ ಗುನುಗು ಕೇಳಬೇಕು. ದಿನಾ ಇಷ್ಟು ಭಾಗವೆಂದು ಹೇಳಿಕೊಳ್ಳುತ್ತಲೇ ಇರಬೇಕು, ಇಲ್ಲದಿದ್ದರೆ ಹಗ್ಗ ಬಿಚ್ಚಿದ ದನದ ಹಾಗೆ ಹೊರಟುಹೋಗುತ್ತದೆ ಎನ್ನುತ್ತಿದ್ದಳು. ಇದು ದೇವರ ಮಾತು ಅಂತ ನೀನು ಹೇಗೆ ನಂಬಿದೆ ಎಂದು ವಕೀಲ ಒಮ್ಮೆ ಕೇಳಿದ್ದ, ಹೊಸ ವಾದವೇನಾದರೂ ಸಿಕ್ಕೀತೆಂಬ ಆಸೆಯಿಂದ. "ಮರೀದೆ ಇಟ್ಕೊಳ್ಳೋದ್ರಲ್ಲೇ ಆಯುಷ್ಯ ಹೋಯ್ತು ಕಣೋ, ಅನುಮಾನ ಪಡೋಕೆ ಪುರುಸೊತ್ತೆಲ್ಲಿತ್ತು?" ಎಂದು ಅವಳು ನಕ್ಕಿದ್ದಳು. ಅಂಗಡಿಗೆ ಕರೆದಾಗ, "ನಾನೇನು ನಿನ್ನ ಕೋರ್ಟಿನ ಸಾಕ್ಷಿನಾ?" ಎಂದು ಗೊಣಗಿಕೊಂಡೇ ಇಳಿದು ಬರುತ್ತಿದ್ದಳು. ತಮ್ಮನ ಮುಖದಲ್ಲಿ ಗೆದ್ದ ಕಳೆ ನೋಡುವುದು ಅವಳಿಗೂ ಇಷ್ಟವಿತ್ತೆಂದು ಕಾಣುತ್ತದೆ.

ಮೊದಲು ಗೊತ್ತಾದದ್ದು ವಕೀಲನ ಹೆಂಡತಿಗೆ. "ರೀ, ಅತ್ತಿಗೆ ಒಲೆ ಮೇಲೆ ಬರೀ ಪಾತ್ರೆ ಇಟ್ಟು ನಿಂತ್ಕೊಂಡಿರ್ತಾರೆ. ಏನು ಅಂದ್ರೆ ಹಾಲು ಅಂತಾರೆ." ವಯಸ್ಸಾಯಿತು ಅಂದ ವಕೀಲ. ಮಧ್ಯಾಹ್ನ ಅಕ್ಕನ ಹತ್ತಿರ ಓದಲು ಬರುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟರು. ಈಗಿನ ಮಕ್ಕಳಿಗೆ ಶ್ರದ್ಧೆ ಇಲ್ಲ ಅಂದ. "ಮಕ್ಕಳಿಗೆ ಶ್ರದ್ಧೆ ಇದೆ. ಒಂದೇ ಪಾಠಾನ ಮೂರು ದಿನ ಕೊಟ್ರೆ ಅವು ಏನು ಮಾಡ್ತವೆ?" ಅಂದಳು ಹೆಂಡತಿ. ವಕೀಲ ಚಕ್ರ ಜೋರಾಗಿ ತಿರುಗಿಸಿದ. ಕೇಳಿಸಲಿಲ್ಲವೆಂದು ನಟಿಸಲು ಆ ಚಕ್ರ ಒಳ್ಳೆಯ ಸಾಧನ.

ಆಮೇಲೊಂದು ಸಂಜೆ, ಮೇಷ್ಟ್ರು, ದರ್ಜಿ ಇಬ್ಬರೂ ಕೂತಿರುವಾಗ, ಎಂದಿನಂತೆ ಅಕ್ಕನನ್ನು ಕರೆದ. ತೆರೆದ ಪುಟದಲ್ಲಿ ಮೂಸಾ ಪ್ರವಾದಿಯ ಕಥೆ ಬಂತು. ಆ ಕಥೆ ಗ್ರಂಥದಲ್ಲಿ ಒಂದೇ ಕಡೆ ಇಲ್ಲ. ಹಲವು ಅಧ್ಯಾಯಗಳಲ್ಲಿ ಬರುತ್ತದೆ, ಎಷ್ಟೋ ಸಾಲುಗಳು ಹೆಚ್ಚುಕಡಿಮೆ ಒಂದೇ ಥರ, ಒಂದೆರಡು ಪದ ಮಾತ್ರ ಬೇರೆ. ಬಾಯಿಪಾಠದವರು ಎಡವುವುದು ಇಂಥ ಕಡೆಯೇ. ಒಂದು ಅಧ್ಯಾಯದಲ್ಲಿ ಹೊರಟವರು ಆ ಸಾಲಿನಲ್ಲಿ ಹೊರಳಿಕೊಂಡು ಇನ್ನೊಂದು ಅಧ್ಯಾಯದಲ್ಲಿ ನಡೆಯತೊಡಗುತ್ತಾರೆ. ಅದು ಅವರಿಗೇ ಗೊತ್ತಾಗುವುದಿಲ್ಲ, ಯಾಕೆಂದರೆ ಹೇಳುತ್ತಿರುವುದೂ ಗ್ರಂಥದ ಮಾತೇ. ಅದಕ್ಕೇ ಪಕ್ಕದಲ್ಲಿ ಕೇಳುವವರಿರಬೇಕು, ತಪ್ಪಿದ ಕೂಡಲೇ ಸರಿಯಾದ ಪದ ಎತ್ತಿಕೊಡಬೇಕು. ಪ್ರಾರ್ಥನೆ ನಡೆಸುವವರು ಎಡವಿದರೂ ಹಿಂದೆ ನಿಂತವರು ಎತ್ತಿಕೊಡುತ್ತಾರೆ. ಅದರಲ್ಲಿ ಎಡವಿದವರಿಗೆ ಅವಮಾನವಿಲ್ಲ, ಎತ್ತಿಕೊಡದವರಿಗೆ ಇದೆ.

ಅಕ್ಕ ಹೊರಳಿದಳು. ವಕೀಲನ ಬೆರಳು ಒಂದು ಸಾಲಿನಲ್ಲಿ, ಅವಳ ದನಿ ಎಲ್ಲೋ ಇನ್ನೊಂದು ಕಡೆ. ಮೇಷ್ಟ್ರಿಗೆ ಗ್ರಂಥದ ಭಾಷೆ ಬರುವುದಿಲ್ಲ, ದರ್ಜಿ ಓದುವ ಪೈಕಿಯೇ ಅಲ್ಲ. ವಕೀಲ ಬೆರಳನ್ನು ಸುಮ್ಮನೆ ಸಾಲಿನ ಮೇಲೆ ಓಡಿಸಿ, ಪುಟ ಮಗುಚಿ, ಗ್ರಂಥ ಮುಚ್ಚಿ, "ಒಂದು ಚುಕ್ಕೆ ಆಚೀಚೆ ಇಲ್ಲ" ಎಂದ. ದನಿ ಕೂಡ ನಡುಗಲಿಲ್ಲ. ಗ್ರಂಥ ಸತ್ಯವೆಂದು ತೋರಿಸಲಿಕ್ಕೆ, ಗ್ರಂಥವನ್ನು ಕೈಯಲ್ಲಿ ಹಿಡಿದುಕೊಂಡೇ, ಅವನು ಸುಳ್ಳು ಹೇಳಿದ್ದ.

ಊಟವಾದ ಮೇಲೆ ಅಕ್ಕ ಅವನನ್ನು ಕರೆದಳು. ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಿಸುತ್ತಾ ಕೂತಿದ್ದಳು.

"ಇವತ್ತು ನಾನು ತಪ್ಪಿದ್ನಲ್ವಾ?"

"ಇಲ್ವಲ್ಲ."

"ತಪ್ಪಿದೆ. ಮೆಟ್ಟಿಲು ಹತ್ತಿ ಬರುವಾಗ ಗೊತ್ತಾಯ್ತು. ಪುಸ್ತಕ ನಿನ್ನ ಮುಂದೇ ಇತ್ತು. ದೇವರು ಅಲ್ಲಿ ಹೇಳದೇ ಇರೋದನ್ನ ಹೇಳಿದಾನೆ ಅಂತ ನೀನು ಅಂದೆ." ಅವಳ ಮಾತಿನಲ್ಲಿ ಕೋಪವಿರಲಿಲ್ಲ, ಭಯವಿತ್ತು. "ಒಳಗೆ ದಾರಿ ತಪ್ತಾ ಇದೆ ಕಣೋ. ಗೊತ್ತಿರೋ ಬೀದೀಲೇ ಎಲ್ಲಿದೀನಿ ಅಂತ ತಿಳಿಯಲ್ಲ. ಮನೇಲಿ ಆದ್ರೆ ಪರವಾಗಿಲ್ಲ. ಜನರ ಮುಂದೆ ಬೇಡ. ಇನ್ನು ನನ್ನನ್ನ ಕೆಳಗೆ ಕರೀಬೇಡ."

"ಕರೆಯಲ್ಲ ಬಿಡು ಅಕ್ಕ. ದೇವರಾಣೆ."

ದೇವರ ವಕೀಲನಿಗೆ ದೇವರ ಆಣೆ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಕೆಲವು ವಾರ ಮಾತು ಉಳಿಸಿಕೊಂಡ. ಅಕ್ಕನಿಗೆ ಮೈ ಹುಷಾರಿಲ್ಲ ಎಂದು ಅಂಗಡಿಯಲ್ಲಿ ಹೇಳಿದ. ಮೇಷ್ಟ್ರು ಪರದೆಯ ಕಡೆ ಒಮ್ಮೆ ನೋಡಿ, "ನೋಡ್ಕೊಳ್ಳಿ ವಕೀಲ್ರೇ" ಎಂದಷ್ಟೇ ಅಂದರು.

ಆಗ ಬಂದದ್ದು ಮೇಷ್ಟ್ರ ಅಳಿಯ. ಬೇರೆ ಊರಿನವನು, ಹೆಂಡತಿಯ ಜೊತೆ ರಜೆಗೆ ಬಂದಿದ್ದ, ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ. ಕನ್ನಡಕದ ಕಾಲು ಸಡಿಲವಾಗಿದೆ ಎಂದು ಮಾವನ ಜೊತೆ ಅಂಗಡಿಗೆ ಬಂದ. ವಕೀಲ ತಿರುಪು ಬಿಗಿಮಾಡುತ್ತಾ ಮಾಡುತ್ತಾ ತನ್ನ ಕೇಸು ಶುರು ಮಾಡಿದ. ಓದುಬರಹ ಬಾರದ ಪ್ರವಾದಿ, ಯಾರೂ ಎತ್ತದ ಸವಾಲು, ಎಲ್ಲ ಮುಗಿಸಿ ಎದೆಯ ಮಾತಿಗೆ ಬಂದ. ಅಳಿಯ ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿಕೊಳ್ಳುತ್ತಾ ನಕ್ಕ.

"ನೂರಾರು ಪುಟ ಯಾರಿಗೂ ನೆನಪಿರಲ್ಲ ಸಾರ್. ನಾಲ್ಕು ಪುಟ ಗೊತ್ತಿರೋರು ಎಲ್ಲ ಗೊತ್ತು ಅಂತಾರೆ. ಕೇಳೋರಿಗೂ ಭಾಷೆ ಬರಲ್ವಲ್ಲ, ಯಾರು ಪರೀಕ್ಷೆ ಮಾಡ್ತಾರೆ?"

ವಕೀಲನ ಕಿವಿ ಕೆಂಪಗಾದವು. ಆ ಕೊನೆಯ ಮಾತು ನೆಟ್ಟಗೆ ಹೋಗಿ ಅವನು ಹೇಳಿದ ಸುಳ್ಳಿಗೇ ತಗುಲಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ. ತಪ್ಪು ಮಾಡಿದವನಿಗೆ ಬರುವ ಸಿಟ್ಟು ಬೇರೆ ಸಿಟ್ಟಿಗಿಂತ ಜೋರು. ಬಾಗಿಲಲ್ಲಿ ದರ್ಜಿ ನಿಂತಿದ್ದ, ಕಾಯುತ್ತಿದ್ದ ಗಿರಾಕಿಗಳಿಬ್ಬರು ಬೆಂಚಿನ ಮೇಲಿದ್ದರು.

"ಬಿಡಿ ವಕೀಲ್ರೇ, ಇವತ್ತು ಬೇಡ," ಅಂದರು ಮೇಷ್ಟ್ರು. "ಇವನಿಗೇನು ಗೊತ್ತು."

"ಗೊತ್ತಾಗಲಿ!" ವಕೀಲ ಕೈ ತೊಳೆಯಲು ಎದ್ದಾಗಿತ್ತು. ಆಣೆಯ ನೆನಪು ಬರಲಿಲ್ಲವೆಂದಲ್ಲ. ಬಂತು, ಬಂದು ಬಾಗಿಲಲ್ಲಿ ನಿಂತಿತು, ಅವನು ಅದನ್ನು ಪಕ್ಕಕ್ಕೆ ಸರಿಸಿದ. ಸುಲಭದ ಅಧ್ಯಾಯ ಕೇಳಿದರಾಯಿತು, ಅವಳು ನಿದ್ದೆಯಲ್ಲೂ ಹೇಳುವಂಥದು, ಒಂದೇ ಪುಟ. ಹೀಗೆ ತನಗೇ ಸಮಾಧಾನ ಹೇಳಿಕೊಂಡು, "ಅಕ್ಕಾ" ಎಂದು ಕೂಗಿದ.

ಮೇಲಿನಿಂದ ಹೆಂಡತಿಯ ದನಿ ಏನೋ ಬೇಡವೆನ್ನುವಂತೆ ಕೇಳಿತು. ಆಮೇಲೆ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ. ಕರೀಬೇಡ ಅಂದದ್ದು ಅವಳಿಗೆ ಮರೆತಿತ್ತೋ, ತಮ್ಮ ಕರೆದ ಮೇಲೆ ಹೋಗದಿದ್ದರೆ ಹೇಗೆ ಅಂದುಕೊಂಡಳೋ, ಅದು ವಕೀಲನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಪರದೆ ಅಲುಗಾಡಿತು, ಅವಳು ಕೂತಳು.

ಅವನು ಆರಿಸಿದ್ದು ಒಡೆಯನ ಉಪಕಾರಗಳನ್ನು ಸಾಲಾಗಿ ಹೇಳುವ ಅಧ್ಯಾಯ. ಸೂರ್ಯ ಚಂದ್ರ, ಹಣ್ಣು ಧಾನ್ಯ, ಒಂದೊಂದನ್ನು ಹೇಳಿದ ಮೇಲೂ, ಇದನ್ನೂ ಇಲ್ಲವೆನ್ನುತ್ತೀರಾ ಎಂಬ ಅರ್ಥದ ಒಂದೇ ಸಾಲು ಪಲ್ಲವಿಯ ಹಾಗೆ ಮರಳಿ ಮರಳಿ ಬರುತ್ತದೆ. ಮಕ್ಕಳು ಕೂಡ ಇಷ್ಟಪಟ್ಟು ಕಲಿಯುವ ಅಧ್ಯಾಯ. ಸುಲಭವೆಂದು ಆರಿಸಿದ್ದ. ಮರಳಿ ಬರುವ ಸಾಲು ದಾರಿ ತಪ್ಪಿದವರಿಗೆ ಎಂಥ ಜಾಗವೆಂದು ಯೋಚಿಸಿರಲಿಲ್ಲ.

ಅಕ್ಕ ಚೆನ್ನಾಗಿ ಶುರು ಮಾಡಿದಳು. ಅಳಿಯ ಕೂಡ ಕೈಕಟ್ಟಿ ಕೇಳತೊಡಗಿದ. ಎರಡು ಕಡಲುಗಳು ಸೇರಿಯೂ ಒಂದನ್ನೊಂದು ದಾಟದಿರುವ ಜಾಗ ಬಂತು, ಪಲ್ಲವಿ ಬಂತು. ಆ ಕಡಲುಗಳಿಂದ ಹೊರಡುವ ಮುತ್ತು ಹವಳ ಬಂದವು, ಪಲ್ಲವಿ ಬಂತು. ಅಲ್ಲಿಂದ ಮುಂದೆ ಬೆಟ್ಟದಂಥ ಹಡಗುಗಳು ಬರಬೇಕು. ಬರಲಿಲ್ಲ. ಅಕ್ಕ ಮತ್ತೆ ಎರಡು ಕಡಲಿಗೆ ಹೋದಳು. ಮುತ್ತು ಹವಳ. ಪಲ್ಲವಿ. ಮತ್ತೆ ಎರಡು ಕಡಲು.

ವಕೀಲನ ಬೆರಳು ಹಡಗುಗಳ ಸಾಲಿನ ಮೇಲೇ ಇತ್ತು. ಒಂದು ಪದ ಸಾಕಿತ್ತು. ಪಿಸುಮಾತಿನಲ್ಲಿ ಮೊದಲ ಪದ ಎತ್ತಿಕೊಟ್ಟಿದ್ದರೆ ಅವಳು ಅದನ್ನು ಹಿಡಿದು ಕೊನೆಯ ತನಕ ಹೋಗಿಬಿಡುತ್ತಿದ್ದಳು. ಆದರೆ ಎತ್ತಿಕೊಟ್ಟರೆ ಅಳಿಯ ನಗುತ್ತಾನೆ. ಹೇಳಿಕೊಟ್ಟ ಮೇಲೆ ಅದೆಂಥ ಪ್ರಮಾಣ? ಈ ಸಲ ಅವಳೇ ದಾರಿ ಕಂಡುಕೊಳ್ಳುತ್ತಾಳೆ, ಈ ಸಲ ಖಂಡಿತ, ಎಂದುಕೊಂಡು ಅವನು ತುಟಿ ಬಿಗಿಹಿಡಿದು ಕೂತ. ಪರದೆಯ ಹಿಂದಿನ ದನಿ ಸುತ್ತಿ ಸುತ್ತಿ ಬಂತು. ಮೊದಮೊದಲು ನೆಟ್ಟಗಿದ್ದದ್ದು ಅವಸರವಾಯಿತು, ಆಮೇಲೆ ಸಣ್ಣಗಾಯಿತು. ಆ ಪಲ್ಲವಿ ಈಗ ಯಾರನ್ನೋ ಬೇಡಿಕೊಳ್ಳುವ ಹಾಗೆ ಕೇಳುತ್ತಿತ್ತು. ಭಾಷೆ ಬಾರದ ಗಿರಾಕಿಗಳೂ ಬೆಂಚಿನ ಮೇಲೆ ಮುಖ ಮುಖ ನೋಡಿಕೊಂಡರು. ವಕೀಲ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಸಾಕು ವಕೀಲ್ರೇ!"

ಮೇಷ್ಟ್ರು ಎದ್ದು ನಿಂತಿದ್ದರು. ಇಷ್ಟು ವರ್ಷಗಳಲ್ಲಿ ಅವರು ದನಿ ಏರಿಸಿದ್ದು ಅದೇ ಮೊದಲು. "ನಾನು ಒಪ್ಪಿದೆ. ಇದು ಮನುಷ್ಯರ ಕೈಯಲ್ಲಿ ಆಗೋ ಕೆಲಸ ಅಲ್ಲ. ಒಪ್ಪಿದೆ, ಮುಗೀತು." ಆಮೇಲೆ ಪರದೆಯ ಕಡೆ ತಿರುಗಿ ಮೆಲ್ಲಗೆ, "ಅಕ್ಕನವರೇ, ತುಂಬಾ ಚೆನ್ನಾಗಿ ಹೇಳಿದ್ರಿ. ದಣಿದಿದೀರಿ, ಮೇಲೆ ಹೋಗಿ ಮಲ್ಕೊಳ್ಳಿ" ಎಂದರು. ಅಳಿಯ ಏನೋ ಹೇಳಲು ಬಾಯಿ ತೆರೆದ. ಮಾವ ನೋಡಿದ ನೋಟಕ್ಕೆ ಮುಚ್ಚಿಕೊಂಡ. ಇಬ್ಬರೂ ಹೊರಟುಹೋದರು.

ಮೇಷ್ಟ್ರು ಸೋತರಂತೆ ಎಂಬ ಸುದ್ದಿಯನ್ನು ದರ್ಜಿ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಬೀದಿಗೆಲ್ಲ ಹಬ್ಬಿಸಿದ. ಒಳಗೆ ನಡೆದದ್ದೇನೆಂದು ಅವನಿಗೂ ಪೂರ್ತಿ ಅರ್ಥವಾಗಿರಲಿಲ್ಲ. ಒಪ್ಪಿದೆ ಎಂಬ ಮಾತು ಕೇಳಿಸಿತ್ತು, ಅಷ್ಟು ಸಾಕಾಯಿತು. ಬೆಳಿಗ್ಗೆ ಅಂಗಡಿ ತೆಗೆಯುವಾಗ ಜನ ಬಂದು ವಕೀಲನ ಕೈ ಕುಲುಕಿದರು. ಪ್ರಾರ್ಥನೆಗೆ ಹೋದರೆ ಹಿರಿಯರು ಬೆನ್ನು ತಟ್ಟಿದರು. ಅಂಥ ಮೇಷ್ಟ್ರನ್ನೇ ಬಗ್ಗಿಸಿದೆಯಲ್ಲಯ್ಯಾ ಎಂದು ಮುಂದಿನ ಸಾಲಿನಲ್ಲಿ ಜಾಗ ಬಿಟ್ಟುಕೊಟ್ಟರು. ಅವನು ಹಿಂದಿನ ಸಾಲಿಗೇ ಹೋಗಿ ನಿಂತ, ಅದನ್ನೂ ಅವರು ವಿನಯವೆಂದು ಹೊಗಳಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಒಂದೊಂದು ಹೊಗಳಿಕೆಗೂ ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು. ಇಷ್ಟು ವರ್ಷ ಕಾದದ್ದು ಈ ಗೆಲುವಿಗೆ, ಈಗ ಅದು ಬಂದು ಕೊರಳಿಗೆ ಬಿದ್ದಿತ್ತು.

ಮನೆಯಲ್ಲಿ ಅಕ್ಕ ಎಂದಿನಂತೆ ಊಟಕ್ಕೆ ಬಂದಳು, ತಟ್ಟೆ ತೊಳೆದಳು, ಮಲಗಿದಳು. ಆದರೆ ಬೆಳಿಗ್ಗೆಯ ಗುನುಗು ನಿಂತುಹೋಯಿತು. ಹುಡುಗನಾಗಿದ್ದಾಗಿನಿಂದ ಅವನಿಗೆ ಗೊತ್ತಿದ್ದ ಸದ್ದು ಅದು. ಇರುವಾಗ ಕಿವಿಗೆ ಬೀಳುತ್ತಲೇ ಇರಲಿಲ್ಲ, ಈಗ ಇಲ್ಲದಿರುವಾಗ ಮನೆಯಲ್ಲಿ ಅದೊಂದೇ ಕೇಳುತ್ತಿತ್ತು. ಹೆಂಡತಿ ಅವನ ಮುಂದೆ ಟೀ ಲೋಟ ಸದ್ದಾಗುವಂತೆ ಇಟ್ಟು, "ಬಾಯಿ ತೆಗೆದ್ರೆ ತಪ್ಪಾಗುತ್ತೆ ಅಂತಾರೆ ಅತ್ತಿಗೆ. ನಿಮಗೆ ಗೆಲುವು ಸಿಕ್ತಲ್ಲ, ಬಿಡಿ" ಎಂದಳು. ಅವಳು ಸಾಮಾನ್ಯವಾಗಿ ಮಾತಿನಲ್ಲಿ ತಿವಿಯುವವಳಲ್ಲ. ಅವನು ಲೋಟ ಮುಟ್ಟದೆ ಕೆಳಗಿಳಿದ.

ಒಂದು ಸಂಜೆ ಮೇಷ್ಟ್ರು ಏನೂ ಆಗಿಲ್ಲವೆಂಬಂತೆ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಬೀದಿಯಲ್ಲಿ ಬರುವಾಗ ಹುಡುಗರು, "ಮೇಷ್ಟ್ರೇ, ಒಪ್ಪಿದ್ರಂತೆ!" ಎಂದು ಕಿಚಾಯಿಸಿದ್ದು ವಕೀಲನಿಗೂ ಕೇಳಿತ್ತು. ಮೇಷ್ಟ್ರು ಅದಕ್ಕೆ ಹೂಂಗುಟ್ಟಿಕೊಂಡೇ ಬಂದಿದ್ದರು.

"ನೀವು ಒಪ್ಪಿಲ್ಲ ಅಂತ ನನಗೆ ಗೊತ್ತು ಮೇಷ್ಟ್ರೇ."

"ಒಪ್ಪಿದೆ ಅಂದ್ನಲ್ಲ. ಟೀ ಹೇಳಿ."

"ಯಾಕೆ ಅಂದ್ರಿ?"

ಮೇಷ್ಟ್ರು ಕನ್ನಡಿಯ ಕಡೆ ಕೈ ತೋರಿಸಿದರು. "ಈ ಕುರ್ಚಿಯಿಂದ ಅದರಲ್ಲಿ ಪರದೆ ಸಂದು ಕಾಣುತ್ತೆ. ಅಕ್ಕನವರು ಪರದೇನ ಎರಡು ಕೈಯಲ್ಲೂ ಹಿಂಡ್ತಾ ಇದ್ರು." ಆಮೇಲೆ, ವಾದಕ್ಕಲ್ಲ, ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ ಕೇಳಿದರು. "ಮುಂದಿನ ಸಾಲು ನಿಮ್ಮ ಮುಂದೇ ಇತ್ತಲ್ಲ ವಕೀಲ್ರೇ?"

ವಕೀಲನ ಕಣ್ಣಲ್ಲಿ ನೀರು ಬಂತು, ಅದನ್ನು ಮರೆಮಾಡಲು ಚಕ್ರದ ಕಡೆ ತಿರುಗಿದ. ಚಕ್ರ ತಿರುಗಿಸಲು ಮಾತ್ರ ಕೈ ಬರಲಿಲ್ಲ. ಅಷ್ಟರಲ್ಲಿ ದರ್ಜಿ ಒಳಗೆ ಬಂದು, "ಏನು, ಸೋತೋರು ಗೆದ್ದೋರು ಒಟ್ಟಿಗೇ ಟೀ ಕುಡೀತಿದೀರಾ?" ಎಂದ.

"ಸೋತಿದ್ದು ಅವರಲ್ಲ," ಎಂದ ವಕೀಲ. "ಅವರು ಒಪ್ಪಿಲ್ಲ. ನನ್ನ ಮರ್ಯಾದೆ ಉಳಿಸೋಕೆ ಹಾಗಂದ್ರು. ನಾನು ಅಕ್ಕನಿಗೆ ಕೊಟ್ಟ ಮಾತು ಮುರಿದೆ. ನನ್ನ ಕೇಸು ಗೆಲ್ಲಲಿ ಅಂತ ಅವಳನ್ನ ನಡುದಾರೀಲಿ ಬಿಟ್ಟೆ. ಬೀದಿಗೆಲ್ಲ ಸುದ್ದಿ ಹಬ್ಬಿಸಿದೀಯಲ್ಲ, ಇದನ್ನೂ ಹಬ್ಬಿಸು." ದರ್ಜಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವನು ಹಬ್ಬಿಸಿದನೋ ಇಲ್ಲವೋ, ಆದರೆ ಮರುವಾರದಿಂದ ಪ್ರಾರ್ಥನೆಯಲ್ಲಿ ಅವನಿಗೆ ಮುಂದಿನ ಸಾಲಿನಲ್ಲಿ ಯಾರೂ ಜಾಗ ಬಿಡಲಿಲ್ಲ. ಹೇಳಿಕೊಂಡರೆ ಎದೆ ಹಗುರಾಗುತ್ತದೆ ಅನ್ನುತ್ತಾರೆ. ವಕೀಲನಿಗೆ ಹಾಗೇನೂ ಆಗಲಿಲ್ಲ. ಪರದೆಯ ಹತ್ತಿರ ಹೋದಾಗಲೆಲ್ಲ ಅದರ ಅಂಚಿನಲ್ಲಿ ಹಿಂಡಿದ ನೆರಿಗೆ ಇನ್ನೂ ಇದೆಯೇ ಎಂದು ನೋಡುತ್ತಿದ್ದ.

ಕೊನೆಗೊಂದು ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು, ಗ್ರಂಥ ಎತ್ತಿಕೊಂಡು ಮೇಲೆ ಹೋದ. ಅಕ್ಕ ಕಿಟಕಿಯ ಬಳಿ ಗೋಡೆಗೊರಗಿ ಕೂತಿದ್ದಳು. ಅವನು ಅವಳ ಮುಂದೆ, ಉಸ್ತಾದರ ಮುಂದೆ ಕೂರುತ್ತಿದ್ದ ಹಾಗೆ, ಮಂಡಿ ಮಡಚಿ ಕೂತ. ಕ್ಷಮಿಸು ಎನ್ನಬೇಕೆಂದು ಬಂದಿದ್ದ. ಬಾಯಿಗೆ ಬಂದದ್ದು ಬೇರೆ.

"ಅಕ್ಕ, ನಾನು ಹೇಳ್ತೀನಿ, ನೀನು ಕೇಳ್ತೀಯಾ? ತಪ್ಪಿದ್ರೆ ಹೇಳಿಕೊಡು."

ಗ್ರಂಥ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಅವನು ಅದೇ ಅಧ್ಯಾಯ ಶುರು ಮಾಡಿದ. ಸೂರ್ಯ ಚಂದ್ರರನ್ನು ದಾಟುತ್ತಿದ್ದಂತೆ ಎಡವಿದ. ನೆನಪು ಹುಡುಗನಾಗಿದ್ದಾಗ ಹೇಗಿತ್ತೋ ಹಾಗೇ ಇತ್ತು. 'ಆ… ಆ…' ಎನ್ನುತ್ತಿರುವಾಗ ಗೋಡೆಯ ಕಡೆಯಿಂದ ಪಿಸುಮಾತು ಬಂತು, ಬೇಕಾದ ಪದವೇ. ಅವನು ಅದನ್ನು ಹಿಡಿದುಕೊಂಡು ಮುಂದೆ ಹೋದ. ಮತ್ತೊಂದು ಕಡೆ ಎಡವಿದ, ಮತ್ತೆ ಪದ ಬಂತು. ನೋಡುತ್ತಾ ನೋಡುತ್ತಾ ಅಕ್ಕನೂ ಅವನ ಜೊತೆಗೇ ಹೇಳತೊಡಗಿದಳು, ಅವನ ದನಿ ಹಿಂದೆ ಬಿತ್ತು, ಅವಳದೇ ಮುಂದಾಯಿತು. ಎರಡು ಕಡಲು ಬಂತು. ಮುತ್ತು ಹವಳ ಬಂತು. ಪಲ್ಲವಿ ಬಂತು. ಅಕ್ಕ ಮತ್ತೆ ಎರಡು ಕಡಲಿಗೆ ತಿರುಗಿದಳು.

ವಕೀಲ ಗ್ರಂಥ ತೆರೆದ. ಸಾಲು ಹುಡುಕಿದ, ಕಣ್ಣು ಮಂಜಾಗಿ ಒಂದು ಕ್ಷಣ ಸಿಗಲಿಲ್ಲ.

"ಹಾಗಲ್ಲ ಅಕ್ಕ," ಎಂದ. "ಹಡಗುಗಳು." ಮೊದಲ ಪದವನ್ನು ಮೆಲ್ಲಗೆ ಎತ್ತಿಕೊಟ್ಟ.

ಅವಳು ನಿಂತಳು. ಹಣೆ ನೆರಿಗೆಯಾಯಿತು, ಆಮೇಲೆ ಬಿಚ್ಚಿಕೊಂಡಿತು. ಪದ ಹಿಡಿದು ಆ ಸಾಲನ್ನು ಪೂರ್ತಿ ಹೇಳಿದಳು, ಮುಂದಿನದನ್ನೂ ಹೇಳಿದಳು. ಆಮೇಲೆ ಹೇಳುವುದನ್ನು ನಿಲ್ಲಿಸಿ ತಮ್ಮನ ಮುಖವನ್ನೇ ನೋಡಿದಳು.

"ಆವತ್ತೂ ಇಷ್ಟೇ ಹೇಳಿದ್ರೆ ಸಾಕಿತ್ತಲ್ಲೋ," ಎಂದಳು.